ಎತ್ತಬೇಡಿ, ದಾರಿ ಮಾಡಿ

ಅಪ್ಪ ತೀರಿಕೊಂಡ ಮೇಲೆ ಮನೆಯ ವಿಭಾಗ ಪತ್ರ ಬರೆಸುವ ಮಾತು ಬಂದಾಗ ಹತ್ತಿರದ ಬಂಧುವೊಬ್ಬರು ನನ್ನೆದುರಿಗೇ ಅಣ್ಣನಿಗೆ ಹೇಳಿದರು: "ಅವಳಿಂದ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸಿಬಿಡು. ಹೇಗಿದ್ದರೂ ಕೊನೆತನಕ ನೋಡಿಕೊಳ್ಳುವವನು ನೀನೇ ತಾನೆ?" ಕೆಟ್ಟ ಮನಸ್ಸಿನಿಂದ ಆಡಿದ ಮಾತಲ್ಲ. ಆದರೆ ನಾನು ನಲವತ್ತು ದಾಟಿದವಳು, ಕಂಪನಿಯೊಂದರ ಲೆಕ್ಕಪತ್ರ ವಿಭಾಗದಲ್ಲಿ ದುಡಿಯುವವಳು, ವರ್ಷವರ್ಷವೂ ಆದಾಯ ತೆರಿಗೆ ಕಟ್ಟುವವಳು. ಗಾಲಿಕುರ್ಚಿಯಲ್ಲಿ ಕುಳಿತವಳಿಗೆ ಆಸ್ತಿ ಏಕೆ ಎಂಬ ಪ್ರಶ್ನೆ ಅವರಿಗೆ ಅಷ್ಟು ಸಹಜವಾಗಿ ಬಂತಲ್ಲ ಎಂದು ನನಗೆ ಇವತ್ತಿಗೂ ನೋವಿದೆ. ಅಣ್ಣ ಎರಡನೇ ಮಾತಿಲ್ಲದೆ "ಅವಳ ಪಾಲು ಅವಳದು" ಎಂದ. ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯ ಸೆಕ್ಷನ್ 13 ಇದೇ ಮಾತನ್ನು ಹೇಳುತ್ತದೆ: ಆಸ್ತಿ ಹೊಂದುವುದಕ್ಕೆ, ವಾರಸಾಗಿ ಪಡೆಯುವುದಕ್ಕೆ, ತನ್ನ ಹಣಕಾಸನ್ನು ತಾನೇ ನೋಡಿಕೊಳ್ಳುವುದಕ್ಕೆ ನಮಗೂ ಉಳಿದವರಷ್ಟೇ ಹಕ್ಕಿದೆ.

ಮನೆಯೊಳಗಿನ ಪ್ರಶ್ನೆ ಅಲ್ಲಿಗೆ ಮುಗಿಯಿತು. ಮುಂದಿನದು ಪತ್ರ ನೋಂದಣಿ ಮಾಡಿಸುವ ಕೆಲಸ. ಅದು ನನ್ನನ್ನು ಎಲ್ಲಿಂದ ಎಲ್ಲಿಗೋ ಕರೆದೊಯ್ದಿತು.

ನನ್ನ ವಿಷಯ ನಾಲ್ಕು ಮಾತಿನಲ್ಲಿ ಹೇಳಿಬಿಡುತ್ತೇನೆ. ಎರಡನೇ ವಯಸ್ಸಿನಲ್ಲಿ ಪೋಲಿಯೊ ಬಂದು ಎರಡೂ ಕಾಲುಗಳ ಬಲ ಹೋಯಿತು. 1995ರಲ್ಲಿ ದೇಶದಲ್ಲಿ ಪಲ್ಸ್ ಪೋಲಿಯೊ ಆರಂಭವಾದಾಗ ನಾನು ಹೈಸ್ಕೂಲಿನಲ್ಲಿದ್ದೆ. 2014ರ ಮಾರ್ಚ್ 27ರಂದು ಭಾರತಕ್ಕೆ ಪೋಲಿಯೊ ಮುಕ್ತ ಪ್ರಮಾಣಪತ್ರ ಸಿಕ್ಕಿತು. ರೋಗ ಹೋಗಿದೆ, ರೋಗ ಬಂದವರು ನಾವು ಇನ್ನೂ ಇದ್ದೇವೆ. ಕಾಲಿಗೆ ಆಸರೆಯ ಕ್ಯಾಲಿಪರ್ ಕಟ್ಟಿಕೊಂಡು, ಊರುಗೋಲು ಊರಿಕೊಂಡು ಕಾಲೇಜು ಮುಗಿಸಿದೆ, ಕೆಲಸಕ್ಕೆ ಸೇರಿದೆ. ವರ್ಷಗಟ್ಟಲೆ ಮೈಭಾರ ಹೊತ್ತ ಭುಜಗಳು ಒಂದು ಹಂತದಲ್ಲಿ ಸಾಕೆಂದವು. ವೈದ್ಯರು ಅದಕ್ಕೆ ಪೋಸ್ಟ್ ಪೋಲಿಯೊ ಸಿಂಡ್ರೋಮ್ ಎಂಬ ಹೆಸರು ಹೇಳಿ, ನಡಿಗೆ ಕಡಿಮೆ ಮಾಡಿ ಎಂದರು. ನಾನು ಗಾಲಿಕುರ್ಚಿಗೆ ಬಂದದ್ದನ್ನು ನೋಡಿ ಕಣ್ಣೀರು ಹಾಕಿದವರಿದ್ದಾರೆ. ನನಗಾದರೋ ಅದು ಬಿಡುಗಡೆ. ಊರುಗೋಲಿನಲ್ಲಿ ನೂರು ಹೆಜ್ಜೆಗೆ ಏದುಸಿರು ಬಿಡುತ್ತಿದ್ದವಳು ಈಗ ಮೆಟ್ರೊ ನಿಲ್ದಾಣದ ಈ ತುದಿಯಿಂದ ಆ ತುದಿಗೆ ಯಾರ ಹಂಗೂ ಇಲ್ಲದೆ ಹೋಗುತ್ತೇನೆ.

ನೋಂದಣಿ ಕಚೇರಿ ಇದ್ದದ್ದು ಬಾಡಿಗೆ ಕಟ್ಟಡದ ಮೊದಲ ಮಹಡಿಯಲ್ಲಿ. ಕೆಳಗೆ ಜೆರಾಕ್ಸ್ ಅಂಗಡಿ, ಛಾಪಾ ಕಾಗದದವರು, ಪತ್ರ ಬರಹಗಾರರ ಮೇಜುಗಳು. ಪಕ್ಕದಲ್ಲಿ ಇಬ್ಬರು ಒಟ್ಟಿಗೆ ಹತ್ತಲಾಗದಷ್ಟು ಕಿರಿದಾದ, ನಡುವೆ ತಿರುವು ತೆಗೆದುಕೊಳ್ಳುವ ಮೆಟ್ಟಿಲು. ಲಿಫ್ಟ್ ಇಲ್ಲ. ಫೋಟೊ ತೆಗೆಸಬೇಕು, ಹೆಬ್ಬೆರಳು ಒತ್ತಬೇಕು, ಅಧಿಕಾರಿಯ ಎದುರು "ಹೌದು, ನಾನೇ ಬರೆದುಕೊಟ್ಟದ್ದು" ಎನ್ನಬೇಕು, ಇದೆಲ್ಲವೂ ಮೇಲೆ. ಅಣ್ಣ, ಅಕ್ಕ, ಸಾಕ್ಷಿಗಳು ಎಲ್ಲರೂ ಬಂದಿದ್ದರು. ನಮ್ಮ ಪತ್ರ ಬರಹಗಾರರು ಒಳ್ಳೆಯ ಮನುಷ್ಯ. ನನ್ನನ್ನು ನೋಡಿದ್ದೇ, "ಚಿಂತೆ ಮಾಡಬೇಡಿ ಮೇಡಂ, ನಮ್ಮ ಹುಡುಗರಿದ್ದಾರೆ, ಕುರ್ಚಿ ಸಮೇತ ಎತ್ತಿಕೊಂಡು ಹೋಗುತ್ತಾರೆ" ಎಂದು ಕೂಗಿ ಕರೆದೇಬಿಟ್ಟರು.

ಎತ್ತುವುದೆಂದರೆ ಏನು ಎಂಬುದು ಎತ್ತಿಸಿಕೊಳ್ಳದವರಿಗೆ ತಿಳಿಯುವುದು ಕಷ್ಟ, ಅದಕ್ಕೇ ಬಿಡಿಸಿ ಹೇಳುತ್ತೇನೆ. ನಾಲ್ವರು ಬರುತ್ತಾರೆ. ಅವಸರದಲ್ಲಿ ಕೈಗೆ ಸಿಕ್ಕಿದ್ದನ್ನು ಹಿಡಿಯುತ್ತಾರೆ, ಸಿಗುವುದು ಬಹುತೇಕ ಕಳಚಿಕೊಳ್ಳುವ ಭಾಗಗಳೇ: ತೋಳಿನ ಆಸರೆ, ಪಾದ ಇಡುವ ಹಲಗೆ. ಕುರ್ಚಿ ಹಿಂದಕ್ಕೆ ವಾಲುತ್ತದೆ. ನನಗೆ ಮೆಟ್ಟಿಲು ಕಾಣಿಸುವುದಿಲ್ಲ, ಚಾವಣಿ ಕಾಣಿಸುತ್ತದೆ, ಹೊತ್ತವರ ಗದ್ದ ಕಾಣಿಸುತ್ತದೆ. ಸೊಂಟದ ಕೆಳಗೆ ಹಿಡಿತವಿಲ್ಲದ ದೇಹ ಜಾರತೊಡಗಿದಾಗ ಯಾರೋ ತೋಳಿನ ಕೆಳಗೆ ಕೈಹಾಕಿ ಮೇಲಕ್ಕೆಳೆಯುತ್ತಾರೆ. ಸೀರೆ ಎಲ್ಲಿ ಸರಿಯಿತು ಎಂದು ನೋಡಿಕೊಳ್ಳಲು ನನ್ನ ಕೈಗೆ ಬಿಡುವಿರುವುದಿಲ್ಲ, ಎರಡೂ ಕೈಗಳು ಕುರ್ಚಿಯನ್ನು ಬಿಗಿಹಿಡಿದಿರುತ್ತವೆ. ತಿರುವಿನಲ್ಲಿ "ಸ್ವಲ್ಪ ಈ ಕಡೆ ವಾಲಿಸು", "ನೀನು ಮೊದಲು ಹತ್ತು" ಎಂದು ಅವರವರೇ ಮಾತಾಡಿಕೊಳ್ಳುತ್ತಾರೆ. ಬೀರುವನ್ನು ಮಹಡಿಗೆ ಸಾಗಿಸುವಾಗ ಬೀರುವನ್ನು ಯಾರೂ ಮಾತಾಡಿಸುವುದಿಲ್ಲ. ನನ್ನ ಗೆಳತಿಯೊಬ್ಬಳು ಕಲ್ಯಾಣ ಮಂಟಪವೊಂದರಲ್ಲಿ ಹೀಗೆ ಎತ್ತಿಸಿಕೊಳ್ಳುವಾಗ ಬಿದ್ದು ತಿಂಗಳುಗಟ್ಟಲೆ ಹಾಸಿಗೆ ಹಿಡಿದಳು.

ಚಿಕ್ಕಂದಿನಲ್ಲಿ ಅಮ್ಮನ ಬೆನ್ನು, ಅಣ್ಣನ ತೋಳು ನನ್ನನ್ನು ಶಾಲೆಗೆ, ದೇವಸ್ಥಾನಕ್ಕೆ, ಜಾತ್ರೆಗೆ ಹೊತ್ತಿವೆ. ಆ ಋಣ ತೀರಿಸಲಾಗದ್ದು. ಆದರೆ ನನ್ನ ಹೆಸರಿನ ಆಸ್ತಿಗೆ ಸಹಿ ಹಾಕಲು ಸರ್ಕಾರಿ ಕಚೇರಿಗೆ ಬಂದ ದಿನ ಅಪರಿಚಿತರ ಕೈಯಲ್ಲಿ ಮೇಲೇರಲು ನನಗೆ ಮನಸ್ಸಾಗಲಿಲ್ಲ. ಬೇಡ ಎಂದೆ. ಹುಡುಗರು ಪೆಚ್ಚಾದರು. "ಸಹಾಯ ಮಾಡಲು ಬಂದರೂ ಇಷ್ಟು ಬಿಗುಮಾನವೇ" ಎಂದು ಯಾರೋ ಗೊಣಗಿದ್ದು ಕೇಳಿಸಿತು. 2023ರ ಅಕ್ಟೋಬರ್‌ನಲ್ಲಿ ಮುಂಬೈಯಲ್ಲಿ ಗಾಲಿಕುರ್ಚಿ ಬಳಸುವ ವಧುವೊಬ್ಬರನ್ನು ಎರಡನೇ ಮಹಡಿಯ ವಿವಾಹ ನೋಂದಣಿ ಕಚೇರಿಗೆ ಹೊತ್ತೊಯ್ಯಬೇಕಾಯಿತು, ಅವರು ಅದನ್ನು ಬಹಿರಂಗವಾಗಿ ಪ್ರಶ್ನಿಸಿದರು. ದೇಶವೆಲ್ಲ ಓದಿದ ಸುದ್ದಿ ಅದು. ಅವತ್ತು ಆ ಮೆಟ್ಟಿಲ ಬುಡದಲ್ಲಿ ನನಗೆ ನೆನಪಾದದ್ದು ಅವರೇ.

ನನ್ನ ನಂಬಿಕೆ ಇದು: ಈ ಊರಿನಲ್ಲಿ ಎತ್ತಲು ನಾಲ್ಕು ಜನ ಸಿಗುತ್ತಾರೆ ಎಂಬ ಕಾರಣಕ್ಕೇ ಅಷ್ಟೊಂದು ಮೆಟ್ಟಿಲುಗಳು ಹಾಗೆಯೇ ಉಳಿದಿವೆ. ಎತ್ತಿದವರಿಗೆ ಪುಣ್ಯ ಮಾಡಿದ ಸಮಾಧಾನ, ಎತ್ತಿಸಿಕೊಂಡವರಿಗೆ ಕೆಲಸ ಮುಗಿದ ನಿರಾಳ, ಕಚೇರಿಗೆ ದೂರೇ ಬಾರದ ನೆಮ್ಮದಿ. ಮಾರನೆಯ ದಿನ ಇನ್ನೊಬ್ಬರು ಬರುತ್ತಾರೆ, ಅವರನ್ನೂ ಎತ್ತುತ್ತಾರೆ.

ಅಧಿಕಾರಿ ಕೆಳಗಿಳಿದು ಬಂದರು. ಸೌಜನ್ಯದಿಂದ ಮಾತಾಡಿಸಿ, ಮನೆಗೇ ಬಂದು ನೋಂದಣಿ ಮಾಡಿಕೊಡುವ ದಾರಿಯಿದೆ ಎಂದರು. ನಿಜ. 1908ರ ನೋಂದಣಿ ಕಾಯ್ದೆಯ ಸೆಕ್ಷನ್ 38ರ ಪ್ರಕಾರ, ದೈಹಿಕ ಅಶಕ್ತತೆಯಿಂದಾಗಿ ಅಪಾಯ ಅಥವಾ ತೀವ್ರ ತೊಂದರೆಯಿಲ್ಲದೆ ಕಚೇರಿಗೆ ಬರಲಾಗದವರ ಮನೆಗೆ ಅಧಿಕಾರಿ ಹೋಗಬೇಕು, ಇಲ್ಲವೇ ತಮ್ಮ ಪರವಾಗಿ ಒಬ್ಬರನ್ನು ಕಳುಹಿಸಬೇಕು. ಹಾಸಿಗೆ ಹಿಡಿದವರಿಗೆ ಇದು ದೊಡ್ಡ ಆಸರೆ, ಈ ಅನುಕೂಲ ಇದೆಯೆಂಬುದೇ ಬಹಳ ಮಂದಿಗೆ ಗೊತ್ತಿಲ್ಲ, ಗೊತ್ತಿರಲಿ. ಒಡಹುಟ್ಟಿದವರು ರಜೆ ಹಾಕಿ ದೂರದಿಂದ ಬಂದಿದ್ದರಿಂದ ನಾನು ಅರ್ಜಿ ಬರೆದು, ಶುಲ್ಕ ಕಟ್ಟಿದೆ. ಕೆಲವು ದಿನಗಳಲ್ಲಿ ನಮ್ಮ ಊಟದ ಮೇಜಿನ ಮೇಲೆಯೇ ನನ್ನ ಹೆಬ್ಬೆರಳ ಗುರುತು ಬಿತ್ತು. ಪತ್ರ ಕೈಗೆ ಬಂತು.

ಅಲ್ಲಿಗೆ ಸುಮ್ಮನಿರಬಹುದಿತ್ತು. ಮನೆಯವರೂ ಹಾಗೆಯೇ ಹೇಳಿದರು. ಆದರೆ ನಾನು ಕಚೇರಿಗೆ ಬರಲಾಗದವಳಾಗಿರಲಿಲ್ಲ. ಬಾಗಿಲ ತನಕ ಬಂದವಳು ನಾನು. ಮತ್ತೊಂದು ಕಾರಣವೂ ಇತ್ತು. ಅವತ್ತು ಕೆಳಗೆ ಕಾಯುತ್ತ ಕುಳಿತಷ್ಟು ಹೊತ್ತು ಮೆಟ್ಟಿಲನ್ನೇ ನೋಡುತ್ತಿದ್ದೆ. ತೀರ ವಯಸ್ಸಾದ ಹೆಂಗಸೊಬ್ಬರು ಒಂದೊಂದು ಮೆಟ್ಟಿಲಿಗೂ ಎರಡೂ ಪಾದಗಳನ್ನು ಸೇರಿಸಿ, ಕಂಬಿಗೆ ಜೋತುಬಿದ್ದು ಹತ್ತಿದರು. ಹಿಂದೆ ಮಗಳು ಬೆನ್ನಿಗೆ ಕೈಕೊಟ್ಟಿದ್ದಳು. ತಿರುವಿನಲ್ಲಿ ನಿಂತು ಸುಧಾರಿಸಿಕೊಳ್ಳುವಾಗ ಕೆಳಗಿಳಿಯುವವರು ಅವರನ್ನು ತಳ್ಳಿಕೊಂಡೇ ಇಳಿದರು. ಅವರು ಅಂಗವಿಕಲರ ಪಟ್ಟಿಯಲ್ಲಿ ಇಲ್ಲ. ಅವರ ಪರವಾಗಿ ಅರ್ಜಿ ಬರೆಯುವವರೂ ಇಲ್ಲ.

ಅರ್ಜಿ ಬರೆಯುವುದನ್ನು ನನಗೆ ಕಲಿಸಿದ್ದು ದೃಷ್ಟಿಯಿಲ್ಲದ ಗೆಳೆಯರೊಬ್ಬರು. ಬ್ಯಾಂಕ್ ಉದ್ಯೋಗಿ, ಪರದೆಯ ಬರಹವನ್ನು ಗಟ್ಟಿಯಾಗಿ ಓದಿ ಹೇಳುವ ಫೋನಿನ ಸ್ಕ್ರೀನ್ ರೀಡರ್‌ನಲ್ಲಿ ಕಾಯ್ದೆಗಳನ್ನು ಕೇಳಿ ಕೇಳಿ ಬಾಯಿಪಾಠ ಮಾಡಿಕೊಂಡವರು. ನಮ್ಮವರ ಅರ್ಜಿಗಳು ಸಾಮಾನ್ಯವಾಗಿ "ಬಡ ಅಂಗವಿಕಲೆಯಾದ ನನ್ನ ಮೇಲೆ ಕರುಣೆಯಿಟ್ಟು" ಎಂದು ಶುರುವಾಗುತ್ತವೆ. ಅವರು ಹೇಳಿದ್ದು ಒಂದೇ ಮಾತು: "ಕಷ್ಟ ಬರೆಯಬೇಡಿ. ಕಾಯ್ದೆ ಬರೆಯಿರಿ, ಏನಾಗಬೇಕು ಎಂಬುದನ್ನು ಬರೆಯಿರಿ."

ಆ ಕಾಯ್ದೆಯನ್ನು ನಾನು ಕನ್ನಡದಲ್ಲಿ, ಇಂಗ್ಲಿಷಿನಲ್ಲಿ ಎರಡರಲ್ಲೂ ಇಟ್ಟುಕೊಂಡು ಓದಿದೆ. ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಗೆ ರಾಷ್ಟ್ರಪತಿಗಳ ಅಂಕಿತ ಬಿದ್ದದ್ದು 2016ರ ಡಿಸೆಂಬರ್ 27ರಂದು, ಜಾರಿಗೆ ಬಂದದ್ದು 2017ರ ಏಪ್ರಿಲ್ 19ರಂದು. 1995ರ ಹಳೆಯ ಕಾಯ್ದೆ 7 ಬಗೆಯ ವೈಕಲ್ಯಗಳನ್ನು ಗುರುತಿಸಿದ್ದರೆ ಇದು 21ನ್ನು ಗುರುತಿಸುತ್ತದೆ. ನನ್ನ ವಿಷಯಕ್ಕೆ ಬೇಕಾದದ್ದು ಸೆಕ್ಷನ್ 45. ಈಗಾಗಲೇ ಇರುವ ಎಲ್ಲ ಸಾರ್ವಜನಿಕ ಕಟ್ಟಡಗಳನ್ನೂ, ನಿಯಮಗಳು ಪ್ರಕಟವಾದ ದಿನದಿಂದ 5 ವರ್ಷಗಳೊಳಗೆ, ಅಂಗವಿಕಲರು ಬಳಸುವಂತೆ ಮಾಡಬೇಕು. ನಿಯಮಗಳು ಪ್ರಕಟವಾದದ್ದು 2017ರ ಜೂನ್ 15ರಂದು. ಗಡುವು 2022ರ ಜೂನ್‌ಗೇ ಮುಗಿದಿತ್ತು. ಬಾಡಿಗೆ ಕಟ್ಟಡ ಎಂಬ ನೆಪಕ್ಕೂ ಕಾಯ್ದೆಯಲ್ಲೇ ಉತ್ತರವಿದೆ: ಸರ್ಕಾರದ್ದಾಗಲಿ ಖಾಸಗಿಯದ್ದಾಗಲಿ, ಜನಸಾಮಾನ್ಯರು ಬಳಸುವ ಕಟ್ಟಡ ಸಾರ್ವಜನಿಕ ಕಟ್ಟಡವೇ ಎಂದು ವ್ಯಾಖ್ಯೆಗಳ ಸೆಕ್ಷನ್ 2ರಲ್ಲಿದೆ.

ಮೊದಲ ಅರ್ಜಿಯನ್ನು ಸೆಕ್ಷನ್ 23ರಡಿ ಕೊಟ್ಟೆ. ಪ್ರತಿ ಸರ್ಕಾರಿ ಸಂಸ್ಥೆಯೂ ಒಬ್ಬ ಕುಂದುಕೊರತೆ ನಿವಾರಣಾ ಅಧಿಕಾರಿಯನ್ನು ನೇಮಿಸಬೇಕೆಂದು ಹೇಳುವ ಸೆಕ್ಷನ್ ಅದು. ಉತ್ತರ ಬರಲಿಲ್ಲ. ಆಮೇಲೆ ಮಾಹಿತಿ ಹಕ್ಕಿನಡಿ ಕೇಳಿದೆ. ಕರ್ನಾಟಕದ ನಿಯಮದಲ್ಲಿ ಮಾಹಿತಿ ಹಕ್ಕಿನ ಅರ್ಜಿ ಒಂದೇ ವಿಷಯಕ್ಕೆ ಸೀಮಿತವಾಗಿರಬೇಕು, 150 ಪದ ಮೀರಬಾರದು. ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ಲಗತ್ತಿಸಿ, ಕುಂದುಕೊರತೆ ಅಧಿಕಾರಿಯ ಹೆಸರು, ಅವರಿಗೆ ಬಂದ ದೂರುಗಳ ವಹಿಯ ಪ್ರತಿ, ಇಷ್ಟನ್ನೇ ಕೇಳಿದೆ. "ಮಾಹಿತಿ ಲಭ್ಯವಿರುವುದಿಲ್ಲ" ಎಂಬ ಒಂದು ಸಾಲಿನ ಹಿಂಬರಹ ಬಂತು. ನನ್ನ ಕಡತದಲ್ಲಿದ್ದ ಎಲ್ಲ ಕಾಗದಗಳಿಗಿಂತ ಮುಂದೆ ಹೆಚ್ಚು ಕೆಲಸ ಮಾಡಿದ್ದು ಆ ಒಂದು ಸಾಲು. ನೇಮಕ ಆಗಿಲ್ಲ ಎಂಬುದಕ್ಕೆ ಅವರದೇ ಮೊಹರಿನ ಸಾಕ್ಷಿ ಅದು. ಆದ್ದರಿಂದ ಯಾರಿಗಾದರೂ ನಾನು ಹೇಳುವುದಿದ್ದರೆ ಇದನ್ನೇ: ಬಾಯಿಮಾತಿನಲ್ಲಿ ಏನನ್ನೂ ಕೇಳಬೇಡಿ. ಕಾಗದ ಕೊಡಿ, ಸ್ವೀಕೃತಿ ಪಡೆಯಿರಿ, ದಿನಾಂಕ ಕಾಣುವಂತೆ ಮೊಹರು ಹಾಕಿಸಿಕೊಳ್ಳಿ.

ಈ ನಡುವೆ ಎಂಜಿನಿಯರೊಬ್ಬರ ಜೊತೆ ಮಾತಾಡುವ ಸಂದರ್ಭ ಬಂತು. "ರ‍್ಯಾಂಪು, ಲಿಫ್ಟು ಎಲ್ಲ ಮಾರ್ಗಸೂಚಿಯಲ್ಲಿದೆ ಮೇಡಂ, ಕಡ್ಡಾಯ ಏನಲ್ಲ" ಎಂದರು. ಅವರೊಬ್ಬರದೇ ಅಭಿಪ್ರಾಯವಲ್ಲ ಅದು, ವರ್ಷಗಳಿಂದ ನಮಗೆ ಸಿಗುತ್ತಿದ್ದ ಉತ್ತರವೇ ಹಾಗೆ. ನಾನು ಕಾಯುತ್ತಿದ್ದ ಕಾಲದಲ್ಲೇ, 2024ರ ನವೆಂಬರ್ 8ರಂದು, ಸುಪ್ರೀಂ ಕೋರ್ಟ್ ಇದಕ್ಕೆ ತೆರೆ ಎಳೆಯಿತು. ದೃಷ್ಟಿದೋಷವಿರುವ ರಾಜೀವ್ ರತೂರಿ ಎಂಬವರು 2005ರಲ್ಲಿ ಹಾಕಿದ್ದ ಅರ್ಜಿಯ ಮೇಲಿನ ತೀರ್ಪು ಅದು. ಕಾಯ್ದೆ ಕಡ್ಡಾಯ ಎಂದು ಹೇಳಿದ್ದನ್ನು 2017ರ ಆ ನಿಯಮಗಳಲ್ಲಿನ ನಿಯಮ 15 ಬರೀ ಶಿಫಾರಸಿನ ಮಟ್ಟಕ್ಕೆ ಇಳಿಸಿದೆ, ಆದ್ದರಿಂದ ಅದು ಕಾಯ್ದೆಗೆ ವಿರುದ್ಧ ಎಂದು ನ್ಯಾಯಾಲಯ ಹೇಳಿತು. ಕಡ್ಡಾಯವಾಗಿ ಪಾಲಿಸಬೇಕಾದ ನಿಯಮಗಳನ್ನು 3 ತಿಂಗಳಲ್ಲಿ ರೂಪಿಸುವಂತೆ ಕೇಂದ್ರಕ್ಕೆ ಸೂಚಿಸಿತು. ಆ ತೀರ್ಪಿನ ಸಂಬಂಧಪಟ್ಟ ಪುಟಗಳನ್ನು ಮುದ್ರಿಸಿ ಕಡತಕ್ಕೆ ಸೇರಿಸಿದ ಸಂಜೆ ಬ್ಯಾಂಕಿನ ಗೆಳೆಯರಿಗೆ ಫೋನ್ ಮಾಡಿ ಎಷ್ಟು ಹೊತ್ತು ಮಾತಾಡಿದೆನೋ. ಒಬ್ಬ ಮನುಷ್ಯ 19 ವರ್ಷ ಬಿಡದೆ ಹಿಡಿದು ಕೂತದ್ದರಿಂದ ನನ್ನ ಕೈಗೆ ಒಂದು ಉತ್ತರ ಸಿಕ್ಕಿತ್ತು.

ಮುಂದಿನ ಮೆಟ್ಟಿಲು ಕಾಯ್ದೆಯಡಿ ನೇಮಕವಾಗುವ, ಅಂಗವಿಕಲ ವ್ಯಕ್ತಿಗಳ ರಾಜ್ಯ ಆಯುಕ್ತರು. ಅವರ ಕಚೇರಿ ಬೆಂಗಳೂರಿನ ಶೇಷಾದ್ರಿಪುರದಲ್ಲಿದೆ. ದೂರು ಕೊಡಲು ಶುಲ್ಕವಿಲ್ಲ, ವಕೀಲರು ಬೇಕಾಗಿಲ್ಲ. ಯಾರ ವಿರುದ್ಧ, ಏನಾಯಿತು, ಯಾವ ಸೆಕ್ಷನ್ನಿನ ಉಲ್ಲಂಘನೆ, ಏನು ಆದೇಶ ಬೇಕು ಎಂಬುದನ್ನು ಬರೆದು, ಅಂಗವಿಕಲರಿಗೆ ಸರ್ಕಾರ ಕೊಡುವ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡಿನ ಪ್ರತಿ ಇಟ್ಟರೆ ಆಯಿತು. ಶೇ 80 ಮತ್ತು ಅದಕ್ಕೂ ಹೆಚ್ಚಿನ ವೈಕಲ್ಯವಿರುವವರಿಗೆ ಕೊಡುವ ನೀಲಿ ಪಟ್ಟಿಯ ಕಾರ್ಡ್ ನನ್ನದು. ಆಯುಕ್ತರಿಗೆ ಸಾಕ್ಷಿಗಳನ್ನು ಕರೆಸುವ, ದಾಖಲೆ ತರಿಸುವ ವಿಷಯದಲ್ಲಿ ಸಿವಿಲ್ ನ್ಯಾಯಾಲಯದ ಅಧಿಕಾರವಿದೆ. ಪೋಲಿಯೊದಿಂದ ಕೈಕಾಲುಗಳ ಬಲ ಕಳೆದುಕೊಂಡಿದ್ದ ಕೆ.ಎಸ್. ರಾಜಣ್ಣ ಹಿಂದೆ ಈ ಹುದ್ದೆಯಲ್ಲಿದ್ದವರು. 2024ರಲ್ಲಿ ಅವರಿಗೆ ಪದ್ಮಶ್ರೀ ಬಂತು. ನಾನು ಬೆಳೆಯುವಾಗ ಪತ್ರಿಕೆಯಲ್ಲಿ ಬಂದ ಕ್ರೀಡಾಪಟು ಮಾಲತಿ ಹೊಳ್ಳ ಅವರ ಚಿತ್ರಗಳನ್ನು ಕತ್ತರಿಸಿ ಇಟ್ಟುಕೊಳ್ಳುತ್ತಿದ್ದೆ. ಅವರೂ ಬೆಂಗಳೂರಿನವರು, ಅವರಿಗೂ ಪೋಲಿಯೊ, ಗಾಲಿಕುರ್ಚಿಯಲ್ಲೇ ಪದಕ ಗೆದ್ದವರು. ಹೀಗೆ ನಮ್ಮಂಥವರು ಕಣ್ಣಿಗೆ ಬೀಳುವ ಜಾಗದಲ್ಲಿರುವುದು ಎಷ್ಟು ಮುಖ್ಯ ಎಂಬುದು ಹತ್ತು ವರ್ಷದ ಹುಡುಗಿಗೆ ಅರ್ಥವಾಗುತ್ತದೆ.

ವಿಚಾರಣೆಗೆ ಹೋಗುವುದೇ ಒಂದು ಕೆಲಸ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಮಹಿಳೆಯರಿಗೆ ಬಸ್ ಪ್ರಯಾಣ ಉಚಿತ. ಎಷ್ಟೋ ಹೆಂಗಸರ ಬದುಕನ್ನು ಅದು ಹಗುರ ಮಾಡಿದ್ದನ್ನು ಕಣ್ಣಾರೆ ಕಂಡಿದ್ದೇನೆ. ನನ್ನನ್ನು ಬಸ್ಸಿನಿಂದ ಹೊರಗಿಟ್ಟದ್ದು ಮಾತ್ರ ಟಿಕೆಟ್ಟಿನ ದರ ಆಗಿರಲಿಲ್ಲ, ಮೊದಲ ಮೆಟ್ಟಿಲಿನ ಎತ್ತರ. ಹಾಗಾಗಿ ಬನಶಂಕರಿಯಲ್ಲಿ ಹಸಿರು ಮಾರ್ಗದ ಮೆಟ್ರೊ ಹತ್ತಿ, ಮಂತ್ರಿ ಸ್ಕ್ವೇರ್ ಸಂಪಿಗೆ ರಸ್ತೆಯಲ್ಲಿ ಇಳಿದು, ಅಲ್ಲಿಂದ ಆಟೊ. ಮೆಟ್ರೊದಲ್ಲಿ ಲಿಫ್ಟಿದೆ, ಬೋಗಿಯಲ್ಲಿ ಗಾಲಿಕುರ್ಚಿಗೆ ಜಾಗವಿದೆ, ಪ್ಲಾಟ್‌ಫಾರ್ಮಿಗೂ ಬೋಗಿಗೂ ಎತ್ತರದ ವ್ಯತ್ಯಾಸ ಅಷ್ಟಾಗಿ ಇಲ್ಲ. ಅಲ್ಲಿ ನಾನು ಎಲ್ಲರಂತೆ ಒಬ್ಬ ಪ್ರಯಾಣಿಕಳು. ನಿಲ್ದಾಣದಿಂದ ಹೊರಬಿದ್ದ ಕೂಡಲೇ ಪಾದಚಾರಿ ಮಾರ್ಗ ನನ್ನನ್ನು ರಸ್ತೆಗೆ ತಳ್ಳುತ್ತದೆ. ಆರಂಭದಿಂದಲೇ ಯೋಚಿಸಿ ಕಟ್ಟಿದರೆ ಆಗುತ್ತದೆ ಎಂಬುದಕ್ಕೆ ಇದೇ ಊರಿನಲ್ಲಿ, ಅದೇ ಪ್ರಯಾಣದಲ್ಲಿ ಪುರಾವೆ ಇದೆ.

ವಿಚಾರಣೆಗೆ ಹೋಗುವ ಮುನ್ನ ಗೆಳೆಯರೊಂದಿಗೆ ಕೂತು ದೂರನ್ನು ತಿದ್ದಿದೆವು. ಅದು ನನ್ನ ಗಾಲಿಕುರ್ಚಿಯ ದೂರಾಗಿ ಉಳಿಯಲಿಲ್ಲ. ಹೊಲಿಗೆ ಕೆಲಸ ಮಾಡುವ, ಕಿವಿ ಕೇಳದ ಗೆಳತಿ ತನ್ನ ಅನುಭವ ಬರೆದುಕೊಟ್ಟಳು: ಇಂಥ ಕಚೇರಿಗಳಲ್ಲಿ ಹೆಸರನ್ನು ಬಾಗಿಲಲ್ಲಿ ನಿಂತು ಕೂಗುತ್ತಾರೆ, ತನ್ನ ಸರದಿ ಹೋದದ್ದು ಅವಳಿಗೆ ಗೊತ್ತಾದದ್ದು ಕಚೇರಿ ಮುಚ್ಚುವ ಹೊತ್ತಿಗೆ. ಬ್ಯಾಂಕಿನ ಗೆಳೆಯರು ತಮ್ಮ ಫ್ಲ್ಯಾಟ್ ಕೊಳ್ಳುವಾಗ ಆದದ್ದನ್ನು ಹೇಳಿದರು. ಪತ್ರದ ವಿವರಗಳನ್ನು ಪರದೆಯ ಮೇಲೆ ತೋರಿಸಿ "ಸರಿಯಾಗಿದೆಯೇ ನೋಡಿಕೊಳ್ಳಿ" ಎಂದರಂತೆ. ಬದುಕಿನ ಗಳಿಕೆಯನ್ನೆಲ್ಲ ಸುರಿದ ಆಸ್ತಿಯ ಚಕ್ಕುಬಂದಿಯನ್ನು ಅಪರಿಚಿತರೊಬ್ಬರು ಓದಿ ಹೇಳಿದ್ದನ್ನು ನಂಬಿ ಅವರು ಸಹಿ ಮಾಡಬೇಕಾಯಿತು. ಪತ್ರದ ಕರಡನ್ನು ಸ್ಕ್ರೀನ್ ರೀಡರ್ ಓದಬಲ್ಲ ಕಡತವಾಗಿ ಮೊದಲೇ ಕೊಟ್ಟಿದ್ದರೆ ಮನೆಯಲ್ಲೇ ಅಕ್ಷರ ಅಕ್ಷರ ಕೇಳಿಕೊಂಡು ಬರುತ್ತಿದ್ದರು. ಖರ್ಚಿಲ್ಲದ ಕೆಲಸ. ಕೇಳಿದವರಿಲ್ಲ, ಆದ್ದರಿಂದ ಮಾಡಿದವರಿಲ್ಲ.

ವಿಚಾರಣೆಯಲ್ಲಿ ಎದುರು ಕಡೆಯವರ ವಾದ ನಾವು ಎಣಿಸಿದಂತೆಯೇ ಇತ್ತು. ಬಾಡಿಗೆ ಕಟ್ಟಡ, ಅನುದಾನವಿಲ್ಲ, ಮೇಲಧಿಕಾರಿಗಳಿಗೆ ಪತ್ರ ಬರೆಯಲಾಗಿದೆ. ಮನೆಗೇ ಬಂದು ನೋಂದಣಿ ಮಾಡಿಕೊಟ್ಟಿದ್ದೇವಲ್ಲ, ಇನ್ನೇನು ತೊಂದರೆ ಎಂದೂ ಕೇಳಿದರು. "ಗಾಲಿಕುರ್ಚಿಯವರು ನಮ್ಮ ಕಚೇರಿಗೆ ಬರುವುದೇ ಇಲ್ಲ" ಎಂದು ಒಬ್ಬರು ಹೇಳಿದಾಗ ನನ್ನ ದನಿ ಏರಿತು. "ಬರಲು ಆಗದ ಜಾಗಕ್ಕೆ ಬಂದವರ ಲೆಕ್ಕ ಎಲ್ಲಿಂದ ಸಿಗುತ್ತದೆ?" ಎಂದೆ. ಬಾಡಿಗೆ ಕರಾರು ನವೀಕರಣಕ್ಕೆ ಬರುತ್ತಿದೆ ಎಂಬುದು ದಾಖಲೆ ತರಿಸಿದಾಗ ಹೊರಬಿತ್ತು. ನಮಗೆ ದಾರಿ ತೆರೆದದ್ದು ಅಲ್ಲಿ. ಲಿಫ್ಟ್ ಇಲ್ಲವೇ ನೆಲಮಹಡಿಯ ಜಾಗ ಕೊಡುವ ಷರತ್ತಿಲ್ಲದೆ ಕರಾರು ನವೀಕರಿಸಬಾರದು ಎಂದು ಕೇಳಿಕೊಂಡೆವು. ಆಯುಕ್ತರ ಶಿಫಾರಸು ಬಂದರೆ ಸಂಬಂಧಪಟ್ಟವರು ಕ್ರಮ ಕೈಗೊಂಡು 3 ತಿಂಗಳಲ್ಲಿ ತಿಳಿಸಬೇಕೆಂದು ಸೆಕ್ಷನ್ 81 ಹೇಳುತ್ತದೆ. ಒಪ್ಪದಿದ್ದರೆ ಕಾರಣ ಕೊಡಬೇಕು. ಕಾಯ್ದೆ ಉಲ್ಲಂಘಿಸಿದವರಿಗೆ ಸೆಕ್ಷನ್ 89ರಲ್ಲಿ ಮೊದಲ ಸಲ 10 ಸಾವಿರ ರೂಪಾಯಿವರೆಗೆ, ಮತ್ತೆ ಮಾಡಿದರೆ 50 ಸಾವಿರಕ್ಕೆ ಕಡಿಮೆಯಿಲ್ಲದೆ 5 ಲಕ್ಷದವರೆಗೆ ದಂಡವಿದೆ. ಅಲ್ಲಿಯತನಕ ಹೋಗಬೇಕಾಗಲಿಲ್ಲ. ನೆಲಮಹಡಿಯಲ್ಲಿ ಖಾಲಿಯಾಗಿದ್ದ ಮಳಿಗೆಯನ್ನು ಕಟ್ಟಡದ ಮಾಲೀಕರು ಬಿಟ್ಟುಕೊಟ್ಟರು, ಅಲ್ಲಿ ಒಂದು ಕೌಂಟರ್ ತೆರೆಯುವುದಾಗಿ ಒಪ್ಪಿಗೆಯಾಯಿತು.

ರ‍್ಯಾಂಪ್ ಆಗಿದೆ, ಬಂದು ನೋಡಿ ಎಂದು ಫೋನ್ ಬಂದಾಗ ಅಣ್ಣನ ಜೊತೆ ಹೋದೆ. ಬ್ಯಾಗಿನಲ್ಲಿ ಅಳತೆ ಟೇಪ್ ಇತ್ತು. ಮಳಿಗೆಯ ಜಗುಲಿ ರಸ್ತೆಯಿಂದ ಒಂದೂವರೆ ಅಡಿ ಎತ್ತರ. ಅದಕ್ಕೆ ಹಾಕಿದ್ದ ಇಳಿಜಾರು ಆರು ಅಡಿ ಉದ್ದ. ನಿಯಮದ ಲೆಕ್ಕ ಸರಳ, 1ಕ್ಕೆ 12: ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ. ಒಂದೂವರೆ ಅಡಿಗೆ ಹದಿನೆಂಟು ಅಡಿ ಬೇಕು. ಅದರ ಮೇಲೆ ನುಣ್ಣನೆಯ ಟೈಲ್ಸ್ ಬೇರೆ. ಚಕ್ರವನ್ನು ಎಷ್ಟೇ ಒತ್ತಿ ದೂಡಿದರೂ ಮುಂದಿನ ಪುಟ್ಟ ಗಾಲಿಗಳು ನೆಲಬಿಟ್ಟು ಏಳುತ್ತಿದ್ದವು. ಅಣ್ಣ ಹಿಂದೆ ನಿಂತಿರದಿದ್ದರೆ ಮಗುಚಿಬೀಳುತ್ತಿದ್ದೆ. ರಾಯಚೂರಿನ ಕಡೆಯ ಮೇಸ್ತ್ರಿ ಅಲ್ಲೇ ಇದ್ದರು. "ಜಾಗ ಇದ್ದಷ್ಟು ಹಾಕಿದ್ದೇನೆ ತಾಯಿ" ಎಂದರು. ಟೇಪ್ ಹಿಡಿದು ಲೆಕ್ಕ ತೋರಿಸಿದೆ. ಅವರು ಸ್ವಲ್ಪ ಹೊತ್ತು ಸುಮ್ಮನೆ ನೋಡಿ, ತಾವೇ ಕೂತು ನೋಡಬಹುದೇ ಎಂದು ಕೇಳಿದರು. ನಾನು ಜಗುಲಿಯ ಅಂಚಿಗೆ ಸರಿದು ಕುರ್ಚಿ ಕೊಟ್ಟೆ. ಇಟ್ಟಿಗೆ ಹೊತ್ತು ಗಟ್ಟಿಯಾದ ತೋಳು ಅವರದು, ಆದರೂ ಅರ್ಧಕ್ಕೇ ಕುರ್ಚಿ ಹಿಂದಕ್ಕೆ ಜಾರಿತು. ಎದ್ದು ಬಂದವರೇ ಗೋಡೆಯ ಬದಿಯನ್ನು ಹೆಜ್ಜೆಯಲ್ಲಿ ಅಳೆದು, "ಪಕ್ಕಕ್ಕೆ ತಿರುಗಿಸಿದರೆ ಉದ್ದ ಸಿಗುತ್ತದೆ, ತಿರುವಿನಲ್ಲಿ ಸಮತಟ್ಟು ಜಾಗ ಬಿಡುತ್ತೇನೆ" ಎಂದರು. ಪುಸ್ತಕದಲ್ಲಿ ಬರೆದಿರುವುದೂ ಅದನ್ನೇ. ಕಾಯ್ದೆ, ಮಾರ್ಗಸೂಚಿ, ತೀರ್ಪು ಯಾವುದನ್ನೂ ಓದದ ಆ ಮನುಷ್ಯನಿಗೆ ಅರ್ಥವಾಗಲು ಬೇಕಾದದ್ದು ಒಂದು ಸಲ ಆ ಕುರ್ಚಿಯಲ್ಲಿ ಕೂರುವುದಷ್ಟೇ. ಕಟ್ಟಡಗಳ ನಕ್ಷೆಗೆ ಸಹಿ ಹಾಕುವ ಪ್ರತಿಯೊಬ್ಬರೂ ಒಂದು ದಿನ ಹಾಗೆ ಕೂರಲಿ ಎಂದು ನನಗೆ ಮನಸಾರೆ ಅನ್ನಿಸುತ್ತದೆ.

ಇಳಿಜಾರನ್ನು ಒಡೆದು ಮತ್ತೆ ಕಟ್ಟಿದರು. ಈಗ ಅದು ಎರಡು ಭಾಗದಲ್ಲಿದೆ, ಒರಟು ಕಲ್ಲು ಹಾಸಿದೆ, ಎರಡೂ ಬದಿಗೆ ಎರಡೆರಡು ಎತ್ತರದಲ್ಲಿ ಕಂಬಿಗಳಿವೆ. ಅದರ ಬುಡದಲ್ಲಿ ದ್ವಿಚಕ್ರ ವಾಹನ ನಿಲ್ಲಿಸುವುದನ್ನು ತಪ್ಪಿಸುವುದು ಕಟ್ಟಿದ್ದಕ್ಕಿಂತ ಕಷ್ಟವಾಗಿದೆ. ಐದು ನಿಮಿಷದ ಕೆಲಸ ಎಂದು ಸ್ಕೂಟರ್ ನಿಲ್ಲಿಸಿ ಹೋಗುವವರು ದಯವಿಟ್ಟು ಆ ಐದು ನಿಮಿಷ ಬೇರೆಲ್ಲಾದರೂ ನಿಲ್ಲಿಸಿ. ಕೌಂಟರಿನಲ್ಲಿ ಸರದಿಯ ಸಂಖ್ಯೆ ಈಗ ಪರದೆಯ ಮೇಲೂ ಬರುತ್ತದೆ, ಕೂಗುವುದೂ ಇದೆ. ಸ್ಕ್ರೀನ್ ರೀಡರ್ ಓದುವ ಕರಡಿನ ಬೇಡಿಕೆ ಇನ್ನೂ ಪರಿಶೀಲನೆಯಲ್ಲಿದೆ. ಕುಂದುಕೊರತೆ ಅಧಿಕಾರಿಯ ಹೆಸರನ್ನು ಬಾಗಿಲ ಪಕ್ಕ ಬರೆದು ಹಾಕಿದ್ದಾರೆ.

ಕೆಲಸವಿಲ್ಲದಿದ್ದರೂ ಮೊನ್ನೆ ಆ ದಾರಿಯಲ್ಲಿ ಹೋದಾಗ ಒಳಗೆ ಹೋಗಿ ಬಂದೆ. ಇಳಿಜಾರಿನಲ್ಲಿ ನನ್ನ ಮುಂದೆ ಹೋಗುತ್ತಿದ್ದವರು ಮೊಣಕಾಲಿನ ಶಸ್ತ್ರಚಿಕಿತ್ಸೆಯಾದ ಹಿರಿಯರು, ನನ್ನ ಹಿಂದೆ ತಳ್ಳುಗಾಡಿಯಲ್ಲಿ ಮಗು ಮಲಗಿಸಿಕೊಂಡ ತಾಯಿ. ಗಾಲಿಕುರ್ಚಿಯವರು ಬರುವುದೇ ಇಲ್ಲ ಎಂದಿದ್ದ ಸಿಬ್ಬಂದಿಯೂ ಕೌಂಟರಿನಲ್ಲಿದ್ದರು, ಕುಡಿಯಲು ನೀರು ಕೊಟ್ಟರು. ಬರುವವರ ಸಂಖ್ಯೆ ಹೆಚ್ಚಾಗಿದೆ ಎಂದು ಅವರೇ ಹೇಳಿದರು.

ಶೌಚಾಲಯ ಮಾತ್ರ ಇನ್ನೂ ಮೇಲಿನ ಮಹಡಿಯಲ್ಲೇ ಇದೆ. ನೆಲಮಹಡಿಯ ಹಿಂಬದಿಯಲ್ಲಿ ಒಂದಿದೆಯಾದರೂ ಬಾಗಿಲಿನ ಅಗಲ ಎರಡು ಅಡಿ. ನನ್ನ ಕುರ್ಚಿಯೇ ಅದಕ್ಕಿಂತ ಅಗಲವಿದೆ. ಬೇಕಾದದ್ದು 900 ಮಿಲಿಮೀಟರ್, ಹೊರಕ್ಕೆ ತೆರೆಯುವ ಬಾಗಿಲು, ಒಳಗೆ ಕುರ್ಚಿ ತಿರುಗುವಷ್ಟು ಜಾಗ, ಗೋಡೆಗೆ ಹಿಡಿಕೆ. ಬೆಳಗಿನಿಂದ ಸಂಜೆಯವರೆಗೆ ಕಾಯಬೇಕಾಗುವ ಕಚೇರಿಗೆ ಹೋಗುವ ದಿನ ನಾವು ಹೆಂಗಸರು ನೀರು ಕುಡಿಯದೆ ಮನೆ ಬಿಡುತ್ತೇವೆ. ಅದರ ಅರ್ಜಿಯನ್ನು ಕೊಟ್ಟಾಗಿದೆ, ಸ್ವೀಕೃತಿ ಪಡೆದಾಗಿದೆ. ಈ ಸಲ ಹೊಲಿಗೆಯ ಗೆಳತಿಯೂ, ಬ್ಯಾಂಕಿನ ಗೆಳೆಯರೂ ನನ್ನ ಜೊತೆ ಅರ್ಜಿದಾರರು. ವಿಚಾರಣೆಯ ದಿನ ಅವಳಿಗೆ ಸಂಜ್ಞಾ ಭಾಷೆಯ ಅನುವಾದಕರನ್ನು ಒದಗಿಸಬೇಕೆಂಬ ಕೋರಿಕೆ ಅದೇ ಅರ್ಜಿಯ ಎರಡನೇ ಪುಟದಲ್ಲಿದೆ.